ಕಿಟಕಿಯಲ್ಲಿ ಕೆಂಪು

ಮೂರನೇ ಮಹಡಿಯ ಕಿಟಕಿಯಲ್ಲಿ ಇವತ್ತೂ ಕೆಂಪು ಹತ್ತಿತು. ಮಿಣುಕದೆ, ಒಂದೇ ಸಮ ಉರಿಯಿತು. ಆಸ್ಪತ್ರೆಯ ಗೇಟಿನ ಎದುರು ನಿಂತಿದ್ದ ಟ್ರಾಫಿಕ್ ಪೇದೆ ತಲೆ ತಗ್ಗಿಸಿ ಬೈಕು ತಿರುಗಿಸಿದ. ದಿನವಿಡೀ ಊರನ್ನೆಲ್ಲ ಕೆಂಪಿಗೆ ನಿಲ್ಲಿಸುವವನು ಅವನು. ಹೆತ್ತ ಅಪ್ಪನ ಸಿಗ್ನಲ್ ಜಂಪ್ ಮಾಡಿ ಒಳಗೆ ನುಗ್ಗುವುದು ಅವನಿಂದ ಆಗದ ಮಾತು.

ಅಪ್ಪ ವಿಮಾನ ನಿಲ್ದಾಣದ ಗೋಪುರದಲ್ಲಿ ದುಡಿದವರು. ರೇಡಿಯೊ ಕೈಕೊಟ್ಟ ವಿಮಾನಗಳಿಗೆ ದೀಪ ತೋರಿಸಿ ದಾರಿ ಹೇಳಿದವರು. ಈಗ ಪಾರ್ಶ್ವವಾಯು ಬಡಿದು ಅವರ ಮಾತೇ ಕೈಕೊಟ್ಟಿತ್ತು. ಬಲಗೈಯೂ ಬಿದ್ದುಹೋಗಿತ್ತು. ಉಳಿದದ್ದು ಕಿಟಕಿ ಪಕ್ಕದ ಹಾಸಿಗೆ, ಎಡಗೈ, ಅದರಲ್ಲೊಂದು ಹಳೆಯ ಟಾರ್ಚು. ಮೂತಿ ತಿರುಗಿಸಿದರೆ ಒಮ್ಮೆ ಕೆಂಪು, ಒಮ್ಮೆ ಹಸಿರು.

ಕಿರಿಮಗ ಪೊಲೀಸ್ ಸೇರಿದಾಗ ಅವರು ಮುಖ ಸಿಂಡರಿಸಿದ್ದರು. "ರಸ್ತೆಯವರ ಕೆಂಪು ಸುಲಭ ಕಣೋ, ನಿಂತ್ರೆ ಮುಗೀತು. ನಮ್ಮ ಕೆಂಪಿಗೆ ನಿಂತ್ರೆ ವಿಮಾನ ನೆಲಕ್ಕೆ ಬೀಳುತ್ತೆ!" ಆ ಚುಚ್ಚುಮಾತು ಮಗನ ಎದೆಯಲ್ಲಿ ಹಾಗೇ ಉಳಿದಿತ್ತು. ಅಪ್ಪನಿಗೆ ತಾನು ಬೇಡವಾದ ಮಗ ಎಂದು ಅವನು ಅಂದೇ ತೀರ್ಮಾನಿಸಿದ್ದ.

ಅಣ್ಣನಂತೂ ಇವನನ್ನು ಕಂಡರೆ ಉರಿದುಬೀಳುತ್ತಿದ್ದ. ಅಮ್ಮ ತೀರಿಕೊಂಡ ದಿನ ತಮ್ಮ ಡ್ಯೂಟಿ ಬಿಟ್ಟು ಬರಲಿಲ್ಲ ಎಂಬ ಸಿಟ್ಟು. ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ ದಿನ ಹಾಸಿಗೆಯ ಪಕ್ಕದಲ್ಲೇ ಇಬ್ಬರೂ ಕಾಲರು ಹಿಡಿದುಕೊಂಡರು. ನರ್ಸು ಬಂದು ಬಿಡಿಸಿದಳು. ಅಪ್ಪನ ಕಣ್ಣಿಂದ ನೀರು ಸುರಿಯುತ್ತಿತ್ತು. ಒರೆಸಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಈ ಕೆಂಪು ಶುರುವಾದದ್ದು ಮರುದಿನ ಸಂಜೆಯಿಂದ. ಡ್ಯೂಟಿ ಮುಗಿಸಿ ಬಂದರೆ ಗೇಟಿನೊಳಗೆ ಅಣ್ಣನ ಕಾರು, ಮೇಲೆ ಕೆಂಪು. ಇವನು ವಾಪಸ್. ತಿರುಗಿ ನೋಡುವ ಜಾಯಮಾನ ಅವನದಲ್ಲ.

"ಸಾರ್, ನಿಮ್ಮ ತಂದೆಯವರ ಟಾರ್ಚಿಗೆ ಮತ್ತೆ ಸೆಲ್ ಬೇಕಂತೆ, ಮೇಲಿಂದ ಹೇಳಿ ಕಳ್ಸಿದ್ರು," ಎಂದ ಗೇಟಿನ ಕಾವಲುಗಾರ ಒಂದು ಸಂಜೆ. "ಮೊನ್ನೆ ತಾನೇ ತಂದ್ಕೊಟ್ರಿ. ಅವ್ರೇನು ಸೆಲ್ ತಿಂತಾರಾ?"

ಪೇದೆ ನಗಲಿಲ್ಲ. ಎದುರಿನ ಅಂಗಡಿಯಿಂದ ಹೊಸ ಸೆಲ್ ತಂದು ಅವನ ಕೈಗಿಟ್ಟ. "ನನ್ನ ಓಡ್ಸೋಕೆ ನಾನೇ ಸೆಲ್ ತಂದ್ಕೊಡ್ಬೇಕು. ನೋಡಪ್ಪಾ ನನ್ನ ಹಣೆಬರಹ."

ಕೆಲವು ದಿನ ಕಳೆದು, ಒಂದು ಬೆಳಗ್ಗೆ ಅಪ್ಪ ಹೊರಟುಹೋದರು.

ತಡೆಯಲು ಇನ್ನು ದೀಪವಿರಲಿಲ್ಲ. ಜಗಳದ ನಂತರ ಮೊದಲ ಬಾರಿಗೆ ಪೇದೆ ಮೆಟ್ಟಿಲು ಹತ್ತಿದ. ಅಣ್ಣ ಕಾಗದಪತ್ರ ಮುಗಿಸಲು ಕೆಳಗೆ ಆಸ್ಪತ್ರೆಯ ಕಚೇರಿಯಲ್ಲಿದ್ದ. ಹಾಸಿಗೆಯ ಬಳಿ ಅಪ್ಪನ ಜೊತೆ ಗೋಪುರದಲ್ಲಿ ದುಡಿದ ಮುದುಕರೊಬ್ಬರು ಕೂತಿದ್ದರು. ಅವರನ್ನು ಕಂಡದ್ದೇ ಇವನಿಗೆ ತಡೆದಿದ್ದ ಅಳು ಉಕ್ಕಿ ಬಂತು.

"ಕೊನೇವರೆಗೂ ನನ್ನ ಬೇಡ ಅಂದ್ಬಿಟ್ರು ಅಂಕಲ್. ದಿನಾ ಕೆಂಪೇ ತೋರಿಸಿದ್ರು."

ಮುದುಕರು ಅವನನ್ನೇ ದಿಟ್ಟಿಸಿದರು. "ಅದನ್ನ ನೋಡಿ ನೀನು ಹೊರಟುಹೋಗ್ತಿದ್ಯಾ? ಅಯ್ಯೋ ಮಗನೇ... ಹಾರ್ತಿರೋ ವಿಮಾನಕ್ಕೆ ಕೆಂಪು ಅಂದ್ರೆ ಬರಬೇಡ ಅಂತಲ್ಲ. ಬೇರೆಯವರು ಇಳೀತಿದಾರೆ, ಅವರಿಗೆ ದಾರಿ ಬಿಡು, ಇಲ್ಲೇ ಸುತ್ತು ಹಾಕ್ತಾ ಇರು ಅಂತ."

ದಿನಾ ಸಂಜೆ ಗೇಟಿನೊಳಗೆ ಕಾಣುತ್ತಿದ್ದ ಅಣ್ಣನ ಕಾರು ಪೇದೆಯ ಕಣ್ಣ ಮುಂದೆ ಬಂದು ನಿಂತಿತು.

ನರ್ಸು ಟಾರ್ಚನ್ನು ತಂದು ಅವನ ಕೈಗಿಟ್ಟಳು. "ಕೆಂಪು ಒಂದು ಗಳಿಗೆ ಅಷ್ಟೇ ಸಾರ್. ನಿಮ್ಮಣ್ಣ ಹೊರಟ ತಕ್ಷಣ ಹಸಿರಿಗೆ ತಿರುಗಿಸಿ ಕಿಟಕಿಗೆ ಹಿಡಿದು ಕೂತ್ಬಿಡೋರು, ಸೆಲ್ ಮುಗಿಯೋವರೆಗೂ. ಯಾರಿಗೆ ಅಂತ ನಮಗ್ಯಾರಿಗೂ ಗೊತ್ತಾಗ್ಲೇ ಇಲ್ಲ."