ಕಮತಗಿಯ ಗರಡಿಯ ಕೊನೆಯ ಮಣ್ಣು

ಮಜ್ಜಿಗೆಗೆ ಅರಿಶಿಣ ಬೆರೆಸಿದಾಗ ಏಳುವ ವಾಸನೆಗೆ ಇಂದಿಗೂ ನನಗೆ ಕಮತಗಿಯ ಗರಡಿಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಗರಡಿಯ ಉಸ್ತಾದ ದಸ್ತಗೀರಸಾಬರು ನಮ್ಮ ಓಣಿಯವರು. ಕುಸ್ತಿ ಕಲಿಯಲು ಹುಡುಗರು ಬರುವುದು ನಿಂತು ವರ್ಷವಾಗಿತ್ತು, ತೊಲೆ ಬಿರುಕು ಬಿಟ್ಟಿತ್ತು. ಮರುದಿನ ಗರಡಿಯನ್ನೇ ಕೆಡವಿ ಅಂಗಡಿ ಕಟ್ಟುವವರಿದ್ದರು. ಆದರೂ ಉಸ್ತಾದರು ಎಂದಿನಂತೆ ನಮ್ಮ ಮನೆಯಿಂದ ಮಜ್ಜಿಗೆ ತರಿಸಿಕೊಂಡರು. ನಾನು ತಂಬಿಗೆ ಕೊಟ್ಟು ಹೊಸ್ತಿಲಾಚೆಯೇ ನಿಂತೆ. ಹೆಣ್ಣುಮಕ್ಕಳು ಒಳಗೆ ಕಾಲಿಡುವಂತಿರಲಿಲ್ಲ.

ಮಜ್ಜಿಗೆ, ಅರಿಶಿಣ, ಎಣ್ಣೆ ಸುರಿದು ಅವರು ಕುಸ್ತಿಯಾಡುವ ಗುಂಡಿಯ ಕೆಂಪು ಮಣ್ಣು ಕಲಸತೊಡಗಿದರು. ಹೆಂಟೆಗಳನ್ನು ಬೆರಳಲ್ಲೇ ಒಂದೊಂದಾಗಿ ಪುಡಿ ಮಾಡಿದರು.

"ನಾಳೆ ಕೆಡವ್ತಾರಲ್ರಿ ಕಾಕಾ, ಇದು ಯಾರಿಗೆ?" ಎಂದೆ.

"ಮಣ್ಣು ಗಟ್ಟಿ ಆದ್ರ ಬಿದ್ದಾವ್ರಿಗೆ ಪೆಟ್ಟಾಗತೈತೆವ್ವಾ," ಎಂದರು. ಕೈ ನಿಲ್ಲಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ತಲೆಯೆತ್ತಿ ನೋಡಿದರು. "ಕುಸ್ತಿ ಕಲೀತೇನಿ ಅಂತ ಭಾಳ ಸಲ ಕೇಳಿದ್ದಿ. ಬಾ ಒಳಗ. ಇನ್ನ ಬ್ಯಾಡ ಅನ್ನಾವ್ರು ಯಾರದಾರ?"

ಹಿಂಜರಿಯುತ್ತಲೇ ಹೊಸ್ತಿಲು ದಾಟಿ ಗುಂಡಿಗೆ ಇಳಿದೆ. ಮಣ್ಣು ತಣ್ಣಗಿತ್ತು, ನಾದಿದ ಹಿಟ್ಟಿನಷ್ಟು ಮೆತ್ತಗಿತ್ತು. ಕಾಲು ಅಗಲಿಸಿ, ಮೊಣಕಾಲು ಬಾಗಿಸಿ, ಕೈ ಮುಂದೆ ಚಾಚಿ ನಿಲ್ಲುವುದನ್ನು ಹೇಳಿಕೊಟ್ಟರು.

ಹಾಗೆಯೇ ನಿಂತೆ. ಎದುರಿಗೆ ನಿಲ್ಲಲು ಯಾರೂ ಇರಲಿಲ್ಲ.