ಬಿಳಿ ರಿಬ್ಬನ್ನಿನ ಮನೆ

ಹೊಸಿಲಿನ ಹೊರಗೆ ಚಪ್ಪಲಿ, ಶೂಗಳ ರಾಶಿಯೇ ಬಿದ್ದಿತ್ತು. ಒಳಗೆ ಮಾತ್ರ ಒಂದು ನರಪಿಳ್ಳೆಯೂ ಕಾಲಿಟ್ಟಿರಲಿಲ್ಲ. ಹೆಂಗಸರು ಮಕ್ಕಳ ಕೈಯನ್ನು ಬಿಗಿಯಾಗಿ ಹಿಡಿದು, ಕಾಲುಚೀಲದಲ್ಲೇ ತಣ್ಣನೆಯ ಕಲ್ಲಿನ ಮೇಲೆ ನಿಂತು, "ನೀವು ಹೋಗಿ", "ಅಯ್ಯೋ, ಮೊದಲು ನೀವು" ಎಂದು ಒಬ್ಬರನ್ನೊಬ್ಬರು ಉಪಚರಿಸುತ್ತಿದ್ದರು. ಪುಸ್ತಕದ ಚೀಲ ಹೊತ್ತು ಕಾರಿನಿಂದ ಇಳಿದ ಕಾತ್ಯಾಯಿನಿಗೆ ಈ ಮರ್ಯಾದೆಯ ಹಿಂದೆ ಏನಿದೆಯೆಂದು ತಿಳಿಯಲು ಹೊತ್ತು ಹಿಡಿಯಲಿಲ್ಲ.

ಐರ್ಲೆಂಡಿನ ಡನ್‌ಡಾಕ್ ಊರಿನಿಂದ ಸ್ವಲ್ಪ ಆಚೆ, ಮೊರೇವಿಯನ್ ಎಂಬ ಹಳೆಯ ಕ್ರೈಸ್ತ ಪಂಥದವರು ತಮ್ಮ ವಿಧವೆಯರೆಲ್ಲ ಒಟ್ಟಿಗೆ ಬಾಳಲೆಂದು ಕಟ್ಟಿದ ಮನೆ ಅದು. ಅವರಲ್ಲಿ ಹೆಂಗಸರ ಟೋಪಿಯ ರಿಬ್ಬನ್ ನೋಡಿದರೇ ಗೊತ್ತಾಗುತ್ತಿತ್ತಂತೆ: ಮದುವೆಯಾದವರಿಗೆ ನೀಲಿ, ಗಂಡ ಸತ್ತವರಿಗೆ ಬಿಳಿ. ಬಿಳಿ ರಿಬ್ಬನ್ನಿನವಳೊಬ್ಬಳು ಈಗಲೂ ಮಹಡಿಯ ಕಿಟಕಿಯಲ್ಲಿ ನಿಲ್ಲುತ್ತಾಳೆ ಎಂದು ಊರವರು ಹೇಳುತ್ತಿದ್ದರು. ಇಷ್ಟೇ ಆಗಿದ್ದರೆ ನಮ್ಮವರು ಅವಳ ಜೊತೆ ಸೆಲ್ಫಿಯನ್ನೇ ತೆಗೆಸಿಕೊಳ್ಳುತ್ತಿದ್ದರು. ಆದರೆ ಕನ್ನಡ ಬಳಗದ ವಾಟ್ಸಾಪ್ ಗುಂಪಿಗೆ ಬಂದದ್ದೇ ತಡ, ಕಥೆಗೆ ಬಾಲ ಬೆಳೆಯಿತು. ದಿನಾ ಬೆಳಗ್ಗೆ ಮೊದಲು ಆ ಹೊಸಿಲು ದಾಟುವ ಮುತ್ತೈದೆಯ ಗಂಡ ವರ್ಷದೊಳಗೆ ಹೋಗುತ್ತಾನಂತೆ. ಗಂಡಸೇ ದಾಟಿದರೆ ಅವನೇ ಹೋಗುತ್ತಾನಂತೆ. ಐರ್ಲೆಂಡಿನ ದೆವ್ವಕ್ಕೆ ಮುತ್ತೈದೆ ಅಂದರೆ ಯಾರೆಂದು ಹೇಳಿಕೊಟ್ಟವರು ಯಾರು ಎಂದು ಒಬ್ಬರೂ ಕೇಳಲಿಲ್ಲ.

ಬಳಗದ ಅಧ್ಯಕ್ಷ ಗುರುದತ್ ಮೆಲ್ಲಗೆ ಅವಳ ಪಕ್ಕಕ್ಕೆ ಬಂದ. "ಅಕ್ಕಾ, ಒಂದ್ ಹೆಲ್ಪ್ ಆಗ್ಬೇಕಿತ್ತು. ಇವತ್ತು ಭಾನುವಾರದ ಕನ್ನಡ ಕ್ಲಾಸ್ ಶುರು ಮಾಡ್ಲಿಲ್ಲ ಅಂದ್ರೆ ಹಾಲ್ ಬೇರೆಯವರಿಗೆ ಕೊಟ್ಬಿಡ್ತಾರೆ. ನೀವೇ ಮೊದಲು ಹೋಗ್ಬಿಡಿ. ನಿಮಗೆ ಹೇಗೂ..."

"ಹೇಗೂ?"

ಗುರುದತ್ ಬಾಗಿಲಿನ ಕಡೆ ಕೈ ತೋರಿಸಿದ.

ಗಂಡ ಸಂಪತ್ ತೀರಿಕೊಂಡ ಮೇಲೂ ಕಾತ್ಯಾಯಿನಿ ಬಳಗಕ್ಕೆ ಎಲ್ಲದಕ್ಕೂ ಬೇಕಾಗಿದ್ದಳು: ಮಕ್ಕಳಿಗೆ ಪಾಠ ಹೇಳಲು, ಪುಳಿಯೋಗರೆ ಕಲಸಲು, ಕುರ್ಚಿ ಜೋಡಿಸಲು. ಕುಂಕುಮದ ತಟ್ಟೆ ಮಾತ್ರ ಅವಳವರೆಗೆ ಬಂದು ಪಕ್ಕಕ್ಕೆ ಸರಿಯುತ್ತಿತ್ತು; ದೀಪ ಹಚ್ಚುವ ಹೊತ್ತಿಗೆ ಅವಳ ಹೆಸರು ಯಾರಿಗೂ ನೆನಪಾಗುತ್ತಿರಲಿಲ್ಲ. ಇಷ್ಟು ದಿನ ಅದನ್ನೆಲ್ಲ ನುಂಗಿಕೊಂಡಿದ್ದಳು. ಇವತ್ತು ಆಗಲಿಲ್ಲ. ಶುಭಕ್ಕೆ ಬೇಡವೆಂದು ಹಿಂದಿನ ಸಾಲಿಗೆ ತಳ್ಳಿದವರೇ ಈಗ ದೆವ್ವದ ಎದುರಿಗೆ ಮುಂದಕ್ಕೆ ತಳ್ಳುತ್ತಿದ್ದರು.

"ಹೋಗ್ತೀನಿ," ಎಂದಳು. "ಆದ್ರೆ ಮೊದಲು ಒಳಗೆ ಹೋಗೋಳು ನಾನಾದ್ರೆ, ದೀಪ ಹಚ್ಚೋಳೂ ನಾನೇ."

ಗುರುದತ್‌ನ ಹೆಂಡತಿ ಲಕ್ಷ್ಮಿ ಹಿತ್ತಾಳೆಯ ದೀಪವನ್ನು ಎದೆಗೆ ಅವುಚಿಕೊಂಡಳು. "ಅಕ್ಕಾ, ಅದ್ ಹೇಗಾಗತ್ತೆ? ಇದು ನಮ್ಮತ್ತೆ ಕೊಟ್ಟಿರೋ ದೀಪ. ಶುಭಕಾರ್ಯ ಬೇರೆ..."

"ಸರಿ, ನೀನೇ ಹಚ್ಚಮ್ಮ. ನಡಿ ಒಳಗೆ, ನಿನ್ ಹಿಂದೇನೇ ಬರ್ತೀನಿ."

ಲಕ್ಷ್ಮಿ ಹೊಸಿಲನ್ನು ನೋಡಿದಳು, ಗಂಡನನ್ನು ನೋಡಿದಳು. ಗುರುದತ್ ತನ್ನ ಕಾಲುಚೀಲವನ್ನು ನೋಡುತ್ತಿದ್ದ. "ಕೊಡೇ, ಕೊಟ್ಬಿಡು," ಎಂದ ಸಣ್ಣ ದನಿಯಲ್ಲಿ. ಕಾತ್ಯಾಯಿನಿ ದೀಪ ಇಸಿದುಕೊಂಡು, ಬಲಗಾಲಿಟ್ಟು ಒಳಗೆ ಹೋದಳು.

ಮನೆ ನೋಡಿಕೊಳ್ಳುವ ಮುದುಕಿ ಹೇಝಲ್ ಹಿತ್ತಿಲ ಬಾಗಿಲಿನಿಂದ ಬಂದು ಟೀ, ಬನ್ನು ಜೋಡಿಸುತ್ತಿದ್ದಳು. ಹೊಸಬರು ಬಂದರೆ ಒಟ್ಟಿಗೆ ಕೂತು ಬನ್ನು ಹಂಚಿಕೊಳ್ಳುವುದು ಅವರ ಪಂಥದ ಪದ್ಧತಿ. ಉಳಿದವರೆಲ್ಲಿ ಎಂದು ಕೇಳಿದಳು. ಕಾತ್ಯಾಯಿನಿ ಇಂಗ್ಲಿಷಿನಲ್ಲಿ ವಿಷಯ ಹೇಳಿದಾಗ ಅವಳಿಗೆ ನಗು ತಡೆಯಲಾಗಲಿಲ್ಲ.

"ಗಂಡಂದಿರು ಸಾಯುವ ಸುದ್ದಿ ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಅವಳು ಕಿಟಕಿಯಲ್ಲಿ ನಿಲ್ಲುತ್ತಾಳೆ, ಅಷ್ಟೇ."

"ನೀವು ನೋಡಿದ್ದೀರಾ?"

"ನಾನು ನೋಡಿಲ್ಲ. ಆದರೆ ಇಲ್ಲಿದ್ದ ವಿಧವೆಯರು ಆ ಕಥೆಯನ್ನು ಯಾವತ್ತೂ ಸುಳ್ಳು ಎನ್ನಲಿಲ್ಲವೆಂದು ನಮ್ಮಜ್ಜಿ ಹೇಳುತ್ತಿದ್ದಳು." ಹೇಝಲ್ ಬನ್ನಿನ ತಟ್ಟೆಯನ್ನು ಸರಿಯಾಗಿಟ್ಟಳು. "ದೆವ್ವ ಇರುವವರೆಗೆ ಆ ವಿಧವೆಯರನ್ನು ಹೊರಹಾಕಿ ಮನೆ ಕಿತ್ತುಕೊಳ್ಳಲು ಯಾರೂ ಬರಲಿಲ್ಲವಂತೆ."

ಕಾತ್ಯಾಯಿನಿ ಬತ್ತಿಗೆ ಎಣ್ಣೆ ಹಾಕಿದಳು. ಮೊದಲ ಕಡ್ಡಿ ಆರಿಹೋಯಿತು. ಎರಡನೆಯದಕ್ಕೆ ದೀಪ ಹತ್ತಿತು. ಮನೆಯಲ್ಲಿ ಒಬ್ಬಳೇ ಇರುವಾಗ ದಿನಾ ಹಚ್ಚುವ ದೀಪವೇ. ಆದರೂ ಬಾಗಿಲಾಚೆ ನಿಂತು ನೋಡುತ್ತಿದ್ದ ಬಳಗದ ಎದುರಿಗೆ ಹಚ್ಚಿದ್ದಕ್ಕೆ ಅವಳ ಕಣ್ಣು ತುಂಬಿತು. ಕಣ್ಣೊರೆಸಿಕೊಂಡು ಬಾಗಿಲಿಗೆ ಬಂದು, "ಬನ್ನಿ, ಕ್ಲಾಸಿಗೆ ಟೈಮ್ ಆಯ್ತು," ಎಂದು ಕರೆದಳು. ಮಕ್ಕಳು ಅಮ್ಮಂದಿರ ಕೈ ಬಿಡಿಸಿಕೊಂಡು ಓಡಿ ಬಂದರು. ಅವರ ಹಿಂದೆ ನೂಕುನುಗ್ಗಲು.

ವರ್ಣಮಾಲೆ ಮುಗಿದು, ಬನ್ನು ಖಾಲಿಯಾಗಿ, ಎಲ್ಲರೂ "ಗ್ರ್ಯಾಂಡ್ ಆಯ್ತು, ಗ್ರ್ಯಾಂಡ್ ಆಯ್ತು" ಎನ್ನುತ್ತ ಶೂ ಹುಡುಕುವಾಗ ಲಕ್ಷ್ಮಿ ಹತ್ತಿರ ಬಂದಳು. ಅವಳ ಕಣ್ಣು ಇನ್ನೂ ಉರಿಯುತ್ತಿದ್ದ ದೀಪದ ಮೇಲಿತ್ತು.

"ಅಕ್ಕಾ, ಆ ಮೇಡಮ್ಮನ್ನ ಕೇಳಿದ್ರಾ? ಗಂಡಂದಿರ ವಿಷಯ ನಿಜಾನಾ? ಸುಳ್ಳಾದ್ರೆ ಮುಂದಿನ ವಾರ ನಾನೇ ಬಂದು ದೀಪ ಹಚ್ತೀನಿ. ನಿಮಗ್ಯಾಕೆ ಸುಮ್ನೆ ತೊಂದರೆ."

ಕಾತ್ಯಾಯಿನಿ ಮಹಡಿಯ ಮೆಟ್ಟಿಲ ಕಡೆ ಒಮ್ಮೆ ನೋಡಿದಳು.

"ಕೇಳಿದೆ ಲಕ್ಷ್ಮಿ. ನಿಜವಂತೆ," ಎಂದಳು. ಮುಂದಿನ ಕ್ಲಾಸಿಗೆಂದು ಹೇಝಲ್ ಕೊಟ್ಟಿದ್ದ ಬೀಗದ ಕೈಯನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. "ಅದೂ ಭಾನುವಾರ ಜಾಸ್ತಿಯಂತೆ."