ಎರಡೂ ಎಡತೋಳು

ಹೊಸ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತ ವಕೀಲರು ಬಲಗೈ ಎತ್ತಲಾರದೆ ಒದ್ದಾಡಿದರು. ಎರಡೂ ಎಡತೋಳು. ನಿನ್ನೆ ಮೊನ್ನೆ ಕೆಲಸ ಕಲಿತವರೂ ಮಾಡದ ತಪ್ಪು.

"ನನ್ನದೇ ತಪ್ಪು ಸಾರ್," ಎಂದಳು ದರ್ಜಿಯ ಹೆಂಡತಿ, ತಲೆ ಎತ್ತದೆ.

ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು ದರ್ಜಿಗೆ. ಕತ್ತರಿ ಗಂಡನದು, ಸೂಜಿ ಹೆಂಡತಿಯದು, ಜಗಳವಾದರೆ ಗೆಲ್ಲೋದು ಯಾರು ಎಂದು ಗಿರಾಕಿಗಳು ತಮಾಷೆ ಮಾಡುತ್ತಿದ್ದ ಅಂಗಡಿ ಅದು. ಈಗ ಯಾರೂ ನಗುತ್ತಿರಲಿಲ್ಲ.

"ಬುದ್ಧಿ ಎಲ್ಲಿಟ್ಟಿದೀಯೆ?" ಎಂದು ವಕೀಲರೆದುರೇ ಗದರಿದ. ಅವಳು ಕೋಟನ್ನು ಮಡಿಸಿಟ್ಟಳು.

ಕೆಲವೇ ವಾರಗಳಲ್ಲಿ ಎಲ್ಲ ಹದಗೆಟ್ಟಿತ್ತು. ಕತ್ತರಿ ಹಿಟ್ಟಿನ ಡಬ್ಬಿಯಲ್ಲಿ ಸಿಕ್ಕಿತು. ಕೇಳಿದರೆ, ತಾನೇ ಇಟ್ಟಿದ್ದು ಎಂದಳು. ಬಚ್ಚಲ ಬಾಗಿಲಿಗೆ 'ಬಚ್ಚಲು' ಎಂದು ಚೀಟಿ ಬರೆದು ಅಂಟಿಸಿದಳು. ಸ್ವಂತ ಮನೆಯ ಬಚ್ಚಲಿಗೂ ಚೀಟಿಯೇ ಎಂದು ಅವನು ಮರುಗಿದ. ಅವನು ಬೀದಿಗಿಳಿದರೆ ಮಗುವಿನಂತೆ ಬೆನ್ನು ಹತ್ತಿ ಬರುತ್ತಿದ್ದಳು. ನೆರೆಯವರು ನೋಡುತ್ತಾರೆಂದು ಅವನು ಬೇಗಬೇಗ ಹೆಜ್ಜೆ ಹಾಕುತ್ತಿದ್ದ. ಕಟ್ಟಿಕೊಂಡವಳ ಬಗ್ಗೆ ನಾಚಿಕೆಪಡುವ ತನ್ನ ಬಗ್ಗೆಯೇ ಅವನಿಗೆ ಹೇಸಿಗೆಯಾಗುತ್ತಿತ್ತು.

ಕೊನೆಗೆ ಇಬ್ಬರೂ ಆಸ್ಪತ್ರೆಗೆ ಹೋದರು. ಇದು ಯಾವ ತಿಂಗಳು ಎಂದು ಡಾಕ್ಟರ್ ಕೇಳಿದರು. ಅವಳು ತುಟಿ ಕಚ್ಚಿ ಸುಮ್ಮನೆ ಕುಳಿತಳು. ಅಷ್ಟೂ ಗೊತ್ತಿಲ್ಲವಲ್ಲ ಇವಳಿಗೆ ಎಂದು ಅವನು ನೆಲ ನೋಡಿದ. ಡಾಕ್ಟರ್ ಇನ್ನೊಮ್ಮೆ ಕೇಳಿ, ಕಾಗದದ ಮೇಲೆ ಏನೋ ಗುರುತು ಹಾಕಿಕೊಂಡರು.

ಡಾಕ್ಟರ್ ನಿಧಾನವಾಗಿ ವಿವರಿಸಿದರು. ಅಪರೂಪದ ಕ್ಯಾನ್ಸರ್ ಇರಬಹುದು. ಗಡ್ಡೆ ಕಟ್ಟುವುದಿಲ್ಲ, ಸಣ್ಣ ರಕ್ತನಾಳಗಳ ಒಳಗೇ ಬೆಳೆದು ದಾರಿ ಮುಚ್ಚುತ್ತದೆ. ರಕ್ತ ಸಿಗದೆ ಮಿದುಳು ಸೊರಗುತ್ತದೆ, ಮರೆವು ನಾಗಾಲೋಟದಲ್ಲಿ ಬರುತ್ತದೆ. ಹೊಟ್ಟೆಯ ಚರ್ಮದ ಚೂರು ತೆಗೆದು ನೋಡಬೇಕು. ಈಗಲೇ ಸಿಕ್ಕಿಬಿದ್ದರೆ ಔಷಧಿಗೆ ಬಗ್ಗಬಹುದು. ತಡವಾದರೆ ಜೀವಕ್ಕೇ ಅಪಾಯ.

ಅವನು ಕೈಮುಗಿದ. "ಹೇಗಾದ್ರೂ ಉಳಿಸಿಕೊಡಿ ಡಾಕ್ಟ್ರೇ. ಎಲ್ರ ಮುಂದೆ ಬೈದ್ಬಿಟ್ಟಿದೀನಿ. ಕ್ಷಮೆ ಕೇಳೋಕಾದ್ರೂ ಅವಳಿಗೆ ನನ್ನ ಗುರುತಿರ್ಬೇಕು."

ಅವಳು ಬಿಕ್ಕಿ ಅತ್ತಳು. ಅವನು ಅವಳ ಕೈಹಿಡಿದು, ಹೆದರಬೇಡ, ಇರುವೆ ಕಚ್ಚಿದಷ್ಟೇ ನೋವು ಎಂದು ಸಮಾಧಾನ ಹೇಳಿದ. ಡಾಕ್ಟರ್ ಸೂಜಿ ಎತ್ತಿಕೊಂಡರು.

ಅವಳು ಕಣ್ಣೊರೆಸಿಕೊಂಡು, ಗಂಡನನ್ನು ಮಂಚದ ಮೇಲೆ ಮಲಗಿಸಿ, ಅವನ ಅಂಗಿಯ ಗುಂಡಿಗಳನ್ನು ಬಿಚ್ಚತೊಡಗಿದಳು.